ಒಂದೇ ಕಡಾಯಿ, ಎರಡು ಬಾಗಿಲು

ನಗರಸಭೆ ಕಲಿಪಾಳಿಗೆ ಒಂದು ಬಾಗಿಲು ಬಾಕಿ ಉಳಿಸಿಕೊಂಡಿದೆ. ಎರಡು ಬಾಗಿಲು ಕೆಡವಿದರು, ಒಂದು ಬಾಗಿಲು ಕೊಟ್ಟರು. ಈ ಲೆಕ್ಕಕ್ಕೆ ಮೇಷ್ಟ್ರು ಬೇಕಿಲ್ಲ. ಉಳಿದ ಬಾಗಿಲು ಎಲ್ಲಿದೆ ಅಂತಲೂ ಎಲ್ಲರಿಗೂ ಗೊತ್ತು: ಹದಿನಾಲ್ಕನೆಯ ಕಟ್ಟಡ, ಏಳನೆಯ ಮಹಡಿ, ಮನೆ ನಂಬರು ಐವತ್ತೆಂಟು. ಕಲಿಪಾ ಇರುವ ಐವತ್ತೇಳಕ್ಕೆ ನೇರ ಎದುರು. ಅದಕ್ಕೆ ನಗರಸಭೆಯ ಬೀಗ ಬಿದ್ದು ಒಂದು ವರ್ಷ ಎಂಟು ತಿಂಗಳಾಯಿತು. ಒಳಗೆ ಯಾರೂ ಇಲ್ಲ. ಕಾಗದದಲ್ಲಿ ‘ಮೀಸಲು’ ಅಂತ ಇದೆ. ಯಾರಿಗೆ ಮೀಸಲು ಅಂತ ಕೇಳಿದರೆ ನಗರಸಭೆ ಕಚೇರಿಯ ಕಿಟಕಿಯ ಹಿಂದಿನ ಹೆಂಗಸು ಚಹಾ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಾಳೆ.

ಪ್ರತಿ ಶುಕ್ರವಾರ ಬೆಳಗ್ಗೆ ಕಲಿಪಾ ತನ್ನ ಹೊಸ್ತಿಲು ಒರೆಸುತ್ತಾಳೆ. ಆಮೇಲೆ ಅದೇ ಬಟ್ಟೆ ಹಿಂಡಿ, ಮೂರು ಹೆಜ್ಜೆ ಆಚೆ ಹೋಗಿ ಐವತ್ತೆಂಟರ ಹೊಸ್ತಿಲನ್ನೂ ಒರೆಸುತ್ತಾಳೆ. ಕೆಳಗಿನ ಮಹಡಿಯವರು ಇವಳಿಗೆ ತಲೆ ಸರಿಯಿಲ್ಲ ಅಂದುಕೊಂಡಿದ್ದಾರೆ. ತಲೆ ಸರಿಯಾಗೇ ಇದೆ. ಅವಳಿಗೆ ಅರವತ್ತೊಂಬತ್ತು ವರ್ಷ, ಗಾರೆ ಕೆಲಸದವಳು, ಧೂಳು ಕಂಡರೆ ಆಗುವುದಿಲ್ಲ ಅಷ್ಟೆ. ಮತ್ತೆ, ಆ ಬಾಗಿಲಿಂದ ರಾಹಿಲಾ ಹೊರಗೆ ಬರುವ ದಿನ ಹೊಸ್ತಿಲು ಕೊಳಕಾಗಿರಬಾರದು ಅನ್ನುವುದು ಅವಳ ಹಟ.

ಕಲಿಪಾ ಹದಿನೆಂಟನೆಯ ವಯಸ್ಸಿಗೆ ಬೆಟ್ಟದ ಕುರಿಹಟ್ಟಿಯಿಂದ ಇಳಿದು ಬಂದು ಮನೆ ಕಟ್ಟುವ ಸರ್ಕಾರಿ ಕಾರ್ಖಾನೆಗೆ ಸೇರಿದಳು. ಆಗ ಸೋವಿಯತ್ ಕಾಲ, ನಗರದ ದಕ್ಷಿಣದಲ್ಲಿ ಐದಂತಸ್ತಿನ ಕಟ್ಟಡಗಳು ಅಣಬೆಯ ಹಾಗೆ ಏಳುತ್ತಿದ್ದವು. ಇವಳ ತಂಡ ಒಳಗೋಡೆಗಳಿಗೆ ಗಾರೆ ಬಳಿಯುತ್ತಿತ್ತು. ‘ನಿಮ್ಮನೆ ಗೋಡೆ ನೆಟ್ಟಗಿದ್ರೆ ಅದು ನನ್ ಕೈ. ಡೊಂಕಾಗಿದ್ರೆ ಪಕ್ಕದೋಳ್ದು’ ಅನ್ನುತ್ತಾಳೆ. ಸಾವಿರಕ್ಕೂ ಹೆಚ್ಚು ಮನೆಗೆ ಬಳಿದವಳು ತಾನು ಮಾತ್ರ ಹಾಸ್ಟೆಲಿನಲ್ಲಿ, ಒಂದು ಕೋಣೆಗೆ ಆರು ಜನರ ನಡುವೆ. ಮನೆಗಾಗಿ ಸಾಲಿನಲ್ಲಿ ಹೆಸರು ಬರೆಸಿದ್ದಳು. ಹನ್ನೆರಡು ವರ್ಷ ಕಾದ ಮೇಲೆ ಅವಳ ಸರದಿ ಇನ್ನೂರ ಹದಿನಾಲ್ಕಕ್ಕೆ ಬಂತು. ಅಷ್ಟರಲ್ಲಿ ದೇಶವೇ ಮುರಿದು ಬಿತ್ತು. ಸಾಲೂ ಇಲ್ಲ, ಸಾಲು ನಿಲ್ಲಿಸಿದವರೂ ಇಲ್ಲ. ಸೈಬೀರಿಯಕ್ಕೆ ದುಡಿಯಲು ಹೋದ ಗಂಡ ಅಲ್ಲೇ ಇನ್ನೊಬ್ಬಳ ಮನೆಯ ಗೂಟಕ್ಕೆ ಟೋಪಿ ನೇತು ಹಾಕಿದ. ಮಕ್ಕಳಿರಲಿಲ್ಲ.

ಆ ಬೇಸಿಗೆ ಮನೆಯಿಲ್ಲದ ನಾವೆಲ್ಲ ನಗರದ ಉತ್ತರದ ಅಂಚಿನ ಬೀಟ್‌ರೂಟ್ ಹೊಲಕ್ಕೆ ನುಗ್ಗಿ, ಗೂಟ ಹೊಡೆದು, ಹಗ್ಗ ಕಟ್ಟಿ, ‘ಇದು ನನ್ನದು’ ಅಂದೆವು. ಪೊಲೀಸರು ಬಂದು ಕಿತ್ತರು, ನಾವು ಮತ್ತೆ ಕಟ್ಟಿದೆವು. ಹಾಗೆ ಹುಟ್ಟಿದ್ದು ಕೋಕ್-ತೆರೆಕ್ ಬಡಾವಣೆ. ಕಲಿಪಾ ಒಂದು ಜಾಗಕ್ಕೆ ಹಗ್ಗ ಕಟ್ಟಿ ನೀರು ತರಲು ಹೋಗಿ ಬರುವಷ್ಟರಲ್ಲಿ ಅದೇ ಜಾಗಕ್ಕೆ ಇನ್ನೊಬ್ಬಳು ಹಗ್ಗ ಕಟ್ಟಿ, ಗಂಟಿನ ಮೇಲೆ ಕುಳಿತಿದ್ದಳು. ಉಯ್ಘುರ್ ಜನಾಂಗದ ಹೆಂಗಸು, ಇಪ್ಪತ್ತೇಳರ ವಿಧವೆ, ಬಜಾರಿನಲ್ಲಿ ಲಗ್ಮಾನ್ ಶ್ಯಾವಿಗೆ ಎಳೆಯುವವಳು. ಅವಳೇ ರಾಹಿಲಾ. ಮೂರು ದಿನ ಇಬ್ಬರೂ ಒಬ್ಬರ ಹಗ್ಗವನ್ನೊಬ್ಬರು ಬಿಚ್ಚಿದರು. ಬೈಗುಳಕ್ಕೆ ಇಡೀ ಹೊಲ ಕಿವಿ ಕೊಟ್ಟಿತ್ತು. ನಾಲ್ಕನೆಯ ದಿನ ಆಲಿಕಲ್ಲು ಸುರಿಯಿತು. ಟಾರ್ಪಾಲು ಇದ್ದದ್ದು ಕಲಿಪಾಳ ಹತ್ತಿರ, ಒಣ ನಾನ್ ರೊಟ್ಟಿ ಇದ್ದದ್ದು ರಾಹಿಲಾಳ ಹತ್ತಿರ. ಮಳೆ ನಿಲ್ಲುವಷ್ಟರಲ್ಲಿ ಜಾಗ ಎರಡು ಪಾಲಾಗಿತ್ತು.

ಇಬ್ಬರೂ ಸೇರಿ ಕೆಸರು ತುಳಿದು, ಹುಲ್ಲು ಬೆರೆಸಿ, ಅಚ್ಚಿನಲ್ಲಿ ನಾಲ್ಕು ಸಾವಿರ ಹಸಿ ಇಟ್ಟಿಗೆ ತೆಗೆದರು. ಒಂದು ಅಂಗಳ, ಒಂದು ಗೇಟು, ಎರಡು ಬಾಗಿಲು. ನಡುವಿನ ಗೋಡೆಗೆ ಕಲಿಪಾ ಎರಡೂ ಕಡೆಯಿಂದ ಗಾರೆ ಬಳಿದಳು. ಮಾರನೆಯ ವರ್ಷ ಕಾರ್ಖಾನೆ ಮುಚ್ಚುವಾಗ ಹನ್ನೊಂದು ತಿಂಗಳ ಸಂಬಳದ ಬದಲು ಅವಳಿಗೊಂದು ಎರಕದ ಕಡಾಯಿ ಕೊಟ್ಟರು. ಇಪ್ಪತ್ತು ಜನಕ್ಕೆ ಬೇಯಿಸುವಂಥದ್ದು. ಒಬ್ಬಳಿಗೆ ಅದರಲ್ಲಿ ಬೇಯಿಸಿದರೆ ತಳಕ್ಕೇ ಹತ್ತುತ್ತಿತ್ತು. ಅದಕ್ಕೇ ಇಬ್ಬರಿಗೆ ಬೇಯಿಸಿದಳು. ಹೀಗೆ ಶುರುವಾದದ್ದು ಮೂವತ್ತೆರಡು ವರ್ಷ ನಡೆಯಿತು.

ಈಗ ಯೋಜನೆಯ ವಿಷಯಕ್ಕೆ ಬರುತ್ತೇನೆ. ಕೋಕ್-ತೆರೆಕ್‌ನ ಮುನ್ನೂರ ಹನ್ನೆರಡು ಮಣ್ಣಿನ ಮನೆ ಕೆಡವಿ ಒಂಬತ್ತಂತಸ್ತಿನ ಕಟ್ಟಡ ಎಬ್ಬಿಸುತ್ತೇವೆ, ಕುಟುಂಬಕ್ಕೊಂದು ಮನೆ ಕೊಡುತ್ತೇವೆ, ಉಳಿದದ್ದನ್ನು ಕಟ್ಟುವವನು ಮಾರಿಕೊಳ್ಳುತ್ತಾನೆ ಎಂದು ನಗರಸಭೆ ಪ್ರಸ್ತಾಪ ತಂದಿತು. ನಾವು ವಿರೋಧಿಸಿದೆವು. ಬೀದಿಗೆ ಅಡ್ಡಲಾಗಿ ಬಟ್ಟೆ ಕಟ್ಟಿದೆವು: ‘ಈ ಬೀದಿಯೆಲ್ಲ ಒಂದೇ ಕಡಾಯಿ.’ ನಮ್ಮನ್ನು ಮನೆಮನೆಯಾಗಿ ಒಡೆಯಲಾರಿರಿ ಅನ್ನುವ ಅರ್ಥ. ಆ ಸಾಲು ಬರೆದವನು ನಾನೇ. ಚೆನ್ನಾಗಿದೆ ಅಂತ ಎಲ್ಲರೂ ಬೆನ್ನು ತಟ್ಟಿದರು. ಪ್ರಸ್ತಾಪ ಒಂಬತ್ತು ಮತಗಳಿಂದ ಗೆದ್ದಿತು. ನಾವು ಸೋತೆವು. ಆಮೇಲೆ ಮನೆ ಎಣಿಸುವ ಗುಮಾಸ್ತ ಬಂದ.

ಅವನ ಹೆಸರು ಎಸೆನ್. ಐವತ್ತು ದಾಟಿದ, ಮಂಡಿ ನೋವಿನ, ಸಭ್ಯ ಮನುಷ್ಯ. ಕೆಟ್ಟವನಲ್ಲ, ಅಂಗಳದಲ್ಲಿ ಏನು ಕೇಳಿದನೋ ಅದನ್ನೇ ಬರೆದುಕೊಂಡ. ನಮ್ಮ ಕಡೆ ಸಂಸಾರ ಎಷ್ಟು ಅಂತ ಕೇಳುವುದಿಲ್ಲ, ಕಡಾಯಿ ಎಷ್ಟು ಅಂತ ಕೇಳುತ್ತಾರೆ. ಅಣ್ಣತಮ್ಮಂದಿರು ಪಾಲಾದರೆ ‘ಕಡಾಯಿ ಬೇರೆ ಮಾಡಿಕೊಂಡರು’ ಅನ್ನುತ್ತಾರೆ, ಅದೂ ತಲೆ ತಗ್ಗಿಸಿಕೊಂಡು. ಎಸೆನ್ ಗೇಟು ದಾಟಿ ಬಂದಾಗ ಕಲಿಪಾ ಈರುಳ್ಳಿ ಹುರಿಯುತ್ತಿದ್ದಳು, ರಾಹಿಲಾ ಹಿಟ್ಟು ಎಳೆಯುತ್ತಿದ್ದಳು.

‘ಅಕ್ಕಾ, ಈ ಅಂಗಳದಲ್ಲಿ ಕಡಾಯಿ ಎಷ್ಟು?’

‘ಒಂದೇ! ಹೊರಗೆ ಬಟ್ಟೆ ಮೇಲೆ ಬರ್ದಿರೋದು ಓದ್ಲಿಲ್ವಾ? ಓದಕ್ ಬರತ್ತೆ ತಾನೆ?’

‘ಇವ್ರು ನಿಮ್ಗೆ ಏನಾಗ್ಬೇಕು?’

‘ನನ್ ತಂಗಿ.’

‘ವಯಸ್ಸಲ್ಲಿ ಮಾತ್ರ ತಂಗಿ, ಬುದ್ಧೀಲಿ ಅಕ್ಕ. ಅದನ್ನೂ ಬರ್ಕೋ ಅಣ್ಣಾ’ ಅಂದಳು ರಾಹಿಲಾ.

‘ಒಡಹುಟ್ಟಿದವ್ರಾ?’

ಕಲಿಪಾಳಿಗೆ ಸಿಟ್ಟು ಬಂತು. ‘ಇದೆಂಥಾ ಪ್ರಶ್ನೆ ಅಪ್ಪಾ? ಊಟದ ಹೊತ್ತಲ್ಲಿ ಬಂದು ಜನ್ಮ ಜಾಲಾಡ್ತೀಯಲ್ಲ! ತಂಗಿ ಅಂದ್ರೆ ತಂಗಿ. ಕೂತ್ಕೋ, ಎರಡು ಬಟ್ಟಲು ಲಗ್ಮಾನ್ ತಿನ್ನು, ನಿನ್ ಮಂಡಿ ನೋವು ಹೋಗತ್ತೆ.’

ಅವನು ಎರಡು ಬಟ್ಟಲು ತಿಂದ. ಹೊರಡುವಾಗ ನಾನ್ ಮುರಿದು ಬಾಯಿಗಿಟ್ಟುಕೊಂಡು, ‘ನಿಮ್ಮ ಮನೆ ತುಂಬಿರಲಿ’ ಎಂದು ಹರಸಿ ಹೋದ.

ಹತ್ತು ದಿನಕ್ಕೆ ಪಟ್ಟಿ ಬಿತ್ತು. ನಲವತ್ತೇಳನೆಯ ಸಾಲು: ಕಲಿಪಾ. ಕುಟುಂಬ: ಒಂದು. ಅವಲಂಬಿತರು: ತಂಗಿ, ಒಬ್ಬರು. ಸಿಗುವುದು: ಒಂದು ಕೋಣೆಯ ಮನೆ.

ರಾಹಿಲಾ ಫಲಕದ ಮುಂದೆ ನಿಂತು ಜೋರಾಗಿ ಓದಿದಳು. ‘ಅಯ್ಯಯ್ಯೋ, ನೋಡೇ ಅಕ್ಕಾ, ನಾನು ಅವಲಂಬಿತಳಂತೆ! ಮೂವತ್ತೆರಡು ವರ್ಷ ಇವಳ ಬಾಯಿಗೆ ಶ್ಯಾವಿಗೆ ಎಳ್ದು ಹಾಕಿದೋಳು ನಾನು, ನನ್ನ ಸಾಕ್ತಿರೋಳು ಇವಳಂತೆ!’ ಸುತ್ತ ನಿಂತವರೆಲ್ಲ ನಕ್ಕರು. ಕಲಿಪಾ ನಗಲಿಲ್ಲ. ಬೆರಳಿಟ್ಟು ಆ ಸಾಲನ್ನು ಇನ್ನೊಂದು ಸಲ ಓದಿದಳು.

ಇಬ್ಬರೂ ಅದರಲ್ಲೇ ಇರಬಹುದಲ್ಲ ಅಂತ ನೀವು ಕೇಳುತ್ತೀರಿ. ನಗರಸಭೆಯವರೂ ಕೇಳಿದರು. ರಾಹಿಲಾ ಬೆಳಗಿನ ನಾಲ್ಕಕ್ಕೆ ಎದ್ದು ಹಿಟ್ಟು ಬಡಿಯುವವಳು, ಕಲಿಪಾ ಗೊರಕೆ ಹೊಡೆಯುವವಳು. ಅದು ಸಣ್ಣ ಮಾತು. ಮನೆ ಇರುವುದು ಕಲಿಪಾಳ ಹೆಸರಿಗೆ. ಅವಳೇ ನನಗೆ ಹೇಳಿದಳು: ‘ನಾನು ಸತ್ತ ಮಾರನೇ ದಿನ ತಂಗಿ ಅನ್ನೋದಕ್ಕೆ ದಾಖಲೆ ತೋರ್ಸು ಅಂತಾರೆ. ಅವಳ ಹತ್ರ ಏನಿದೆ? ಅವಳ ಹಾಸಿಗೆ ಬೀದೀಲಿ ಬೀಳತ್ತೆ. ಅಲ್ದೆ, ಜೊತೆಗೆ ತಿನ್ನೋರ ಮಧ್ಯೆ ಒಂದು ಗೋಡೆ ಇರ್ಬೇಕು ತಮ್ಮಾ. ಗೋಡೆ ಇದ್ದಿದ್ದಕ್ಕೇ ನಾವು ಇಷ್ಟು ವರ್ಷ ಜಗಳ ಆಡ್ದೆ ಉಳ್ಕೊಂಡ್ವಿ.’ ಜಗಳ ಆಡದೆ ಅನ್ನುವುದು ಸುಳ್ಳು. ಉಳಿದದ್ದು ನಿಜ.

ಪಟ್ಟಿ ತಿದ್ದಿಸಲು ಒಂದೇ ದಾರಿ ಇತ್ತು. ಸಭೆಯಲ್ಲಿ ನಿಂತು, ದಾಖಲೆಗೆ ಹೋಗುವ ಹಾಗೆ, ‘ಇವಳು ನನ್ನ ತಂಗಿಯಲ್ಲ, ನಮ್ಮ ಕಡಾಯಿ ಬೇರೆ’ ಅನ್ನಬೇಕು. ಅದಕ್ಕೆ ಅಭ್ಯಾಸ ಮಾಡಿಸಲು ನಾನು ಅವರ ಅಂಗಳಕ್ಕೆ ಹೋದೆ. ಅಭ್ಯಾಸ ನಡೆದದ್ದು ಅದೇ ಕಡಾಯಿಯ ಪಕ್ಕ.

‘ಹೇಳಿ ಅಕ್ಕಾ. ಇವಳು ನನಗೆ ಯಾರೂ ಅಲ್ಲ.’

‘ಇವಳು ನನಗೆ...’ ಅಂದು ಕಲಿಪಾ ಸೌಟು ಕೆಳಗಿಟ್ಟಳು. ‘ಅಲ್ಲ ಕಣೋ, ಅವಳು ಇಲ್ಲೇ ಕೂತಿದಾಳಲ್ಲ.’

‘ನಾನು ಕಿವಿ ಮುಚ್ಕೋತೀನಿ, ಹೇಳೇ’ ಅಂದಳು ರಾಹಿಲಾ. ಹಿಟ್ಟಿನ ಕೈಯಲ್ಲೇ ಕಿವಿ ಮುಚ್ಚಿಕೊಂಡಳು. ಎರಡು ಕಿವಿಯೂ ಬೆಳ್ಳಗಾದವು. ಇಬ್ಬರೂ ನಕ್ಕು ನಕ್ಕು ಅಭ್ಯಾಸ ಅಲ್ಲಿಗೇ ನಿಂತಿತು.

ಸಭೆಯ ದಿನ ಕಲಿಪಾ ಬಿಳಿ ತಲೆವಸ್ತ್ರ ಕಟ್ಟಿ, ಕಾರ್ಖಾನೆ ಕೊಟ್ಟ ಪದಕ ಚುಚ್ಚಿಕೊಂಡು ಬಂದಳು. ಮೂರು ಗಂಟೆ ಕಾದ ಮೇಲೆ ಅವಳ ಅರ್ಜಿ ಬಂತು. ಮೈಕಿನ ಮುಂದೆ ನಿಲ್ಲಿಸಿದರು. ಸಾರ್ವಜನಿಕರ ಕುರ್ಚಿಗಳಲ್ಲಿ ನಾನು, ರಾಹಿಲಾ, ಮತ್ತೆಲ್ಲ ಖಾಲಿ.

ಅಧ್ಯಕ್ಷರು ಕನ್ನಡಕ ಏರಿಸಿ ಕೇಳಿದರು: ‘ಪಟ್ಟಿಯಲ್ಲಿ ತಂಗಿ ಅಂತಿದೆ. ಅರ್ಜಿಯಲ್ಲಿ ಸಂಬಂಧ ಇಲ್ಲ ಅಂತಿದೆ. ಯಾವುದು ಸರಿ ಅಮ್ಮಾ?’

‘ನಡುವೆ ಗೋಡೆ ಇತ್ತು ಸಾರ್. ಎರಡೂ ಕಡೆ ನಾನೇ ಬಳಿದಿದ್ದೆ. ಬೇಕಾದ್ರೆ ಬಂದು ತಟ್ಟಿ ನೋಡಿ, ಒಂದ್ ಕಡೆನೂ ಟೊಳ್ಳಿಲ್ಲ.’

‘ಗೋಡೆ ಬಿಡಿ. ಮೊದಲು ಒಂದೇ ಕಡಾಯಿ ಅಂದಿದೀರಿ, ಈಗ ಎರಡು ಅಂತೀರಿ. ಯಾವುದು ಸುಳ್ಳು?’

‘ಎರಡೂ ನಿಜ ಸಾರ್.’

‘ಎರಡೂ ನಿಜ ಅಂತ ಬರೆಯೋಕೆ ಇದರಲ್ಲಿ ಜಾಗ ಇಲ್ಲ ಅಮ್ಮಾ. ಆಕೆ ನಿಮ್ಮ ತಂಗಿ ಹೌದೋ ಅಲ್ವೋ?’

ಕಲಿಪಾ ಮೈಕಿನ ಕಂಬ ಹಿಡಿದುಕೊಂಡು ನಿಂತಳು. ಮುಂದಿನ ಸಾಲಿನ ಸದಸ್ಯನೊಬ್ಬ ಗಡಿಯಾರ ನೋಡಿಕೊಂಡ. ಆಗ ನನ್ನ ಪಕ್ಕದಲ್ಲಿ ಕುರ್ಚಿ ಕಿರುಗುಟ್ಟಿತು.

‘ಅಲ್ಲ!’ ರಾಹಿಲಾ ಎದ್ದು ನಿಂತಿದ್ದಳು. ‘ಈ ಮುದುಕಿ ನನ್ಗೆ ಯಾರೂ ಅಲ್ಲ. ಬರ್ಕೊಳ್ಳಿ. ನನ್ ಕಡಾಯಿ ಬೇರೆ. ಇವಳ ಅಡುಗೇಲಿ ಉಪ್ಪೇ ಇರಲ್ಲ, ಅದನ್ನ ಯಾರ್ ತಿಂತಾರೆ?’

ಸಭೆ ನಕ್ಕಿತು. ಅಧ್ಯಕ್ಷರೂ ನಕ್ಕರು. ನಗು ಮುಗಿದ ಮೇಲೆ ತೀರ್ಮಾನ ಓದಿದರು: ಈ ಇಬ್ಬರು ಆರು ತಿಂಗಳು ಬೇರೆ ಬೇರೆ ಒಲೆ ಹೂಡಿ ಬದುಕಿದ್ದಕ್ಕೆ ಪುರಾವೆ ಕೊಟ್ಟರೆ, ಐವತ್ತೆಂಟನೆಯ ಮನೆಯನ್ನು ಕೊಡುವ ವಿಚಾರ ಮತಕ್ಕೆ ಬರುತ್ತದೆ. ಅಲ್ಲಿಯವರೆಗೆ ಮನೆ ಮೀಸಲು.

ಹೊರಗೆ ಮೆಟ್ಟಿಲ ಮೇಲೆ ಕಲಿಪಾ ಬಹಳ ಹೊತ್ತು ಪದಕದ ಪಿನ್ನು ಬಿಚ್ಚುತ್ತ ಕೂತಳು.

‘ಯಾರೂ ಅಲ್ಲ ಅಂದ್ಬಿಟ್ಯಲ್ಲೇ.’

‘ನೀನು ಹೇಳ್ಲಿಲ್ಲ, ನಾನು ಹೇಳ್ದೆ. ಬಾಗಿಲು ಬೇಕೋ ಬೇಡ್ವೋ?’

‘ಅದಿರ್ಲಿ. ಉಪ್ಪಿನ್ ಮಾತು ಯಾಕ್ ಬೇಕಿತ್ತು?’

‘ಅಷ್ಟು ದೊಡ್ಡ ಸುಳ್ಳಿಗೆ ಒಂದು ಚಿಟಿಕೆ ನಿಜ ಬೇಡ್ವಾ?’ ಅಂದಳು ರಾಹಿಲಾ.

ಅಷ್ಟರಲ್ಲಿ ಪಕ್ಕದ ಖಾಲಿ ಜಾಗದಲ್ಲಿ ಮೊದಲ ಕಟ್ಟಡಗಳು ಎದ್ದಿದ್ದವು. ವಸಂತದಲ್ಲಿ ನಮ್ಮ ಮನೆಗಳನ್ನು ಕೆಡವುವ ಯಂತ್ರಗಳು ಬಂದವು. ಹಸಿ ಇಟ್ಟಿಗೆಯ ಮನೆ ಕೆಡವಲು ಹೊತ್ತು ಬೇಡ, ಒಂದು ಚಹಾ ಆರುವಷ್ಟು ಸಾಕು. ಕಲಿಪಾ ಐವತ್ತೇಳಕ್ಕೆ ಏರಿದಳು. ರಾಹಿಲಾ ಕಾರಾ-ಬುಲಾಕ್ ಹಳ್ಳಿಯ ತನ್ನ ಅಣ್ಣನ ಮಗಳ ಮನೆಗೆ ಹೋದಳು. ಮಿನಿಬಸ್ಸಿನಲ್ಲಿ ಒಂದೂವರೆ ಗಂಟೆ. ಅಲ್ಲಿ ಮಕ್ಕಳ ಜೊತೆ ಮಲಗುತ್ತಾಳೆ. ಇಲ್ಲಿಯ ಬಜಾರಿನ ಅವಳ ಜಾಗದಲ್ಲಿ ಈಗ ಬೇರೆ ಯಾರೋ ಹಿಟ್ಟು ಎಳೆಯುತ್ತಾರೆ.

ಹೊಸ ಮನೆಗೆ ಕಾಲಿಟ್ಟ ದಿನ ಕಲಿಪಾ ಮಾಡಿದ ಮೊದಲ ಕೆಲಸ, ಗೋಡೆ ತಟ್ಟಿ ನೋಡಿದ್ದು. ಟೊಳ್ಳು. ‘ಇದು ಗಾರೆನಾ? ಮುಖಕ್ಕೆ ಪೌಡರ್ ಹಚ್ಚಿದಂಗಿದೆ’ ಅಂದಳು. ಒಂದು ತಿಂಗಳು ಕರಣೆ ಹಿಡಿದು ಮೂಲೆಮೂಲೆ ಕೆತ್ತಿ ಮತ್ತೆ ಬಳಿದಳು. ಕಡಾಯಿ ಕರೆಂಟಿನ ಒಲೆಯ ಮೇಲೆ ಕೂರಲಿಲ್ಲ. ಅದೀಗ ಬಾಲ್ಕನಿಯಲ್ಲಿ ಕವುಚಿ ಬಿದ್ದಿದೆ. ಮಳೆ ಬಂದರೆ ಡಣಡಣ ಅನ್ನುತ್ತದೆ. ಸಣ್ಣ ಪಾತ್ರೆಯಲ್ಲಿ ಒಬ್ಬಳಿಗೆ ಬೇಯಿಸುವುದು ಅವಳಿಗೆ ಇನ್ನೂ ಬಂದಿಲ್ಲ. ದಿನಾ ಮಿಗುತ್ತದೆ. ಮಿಕ್ಕಿದ್ದನ್ನು ಮಾರನೆಯ ದಿನ ತಿಂದು, ಅವತ್ತೂ ಮಿಗಿಸುತ್ತಾಳೆ.

ತಿಂಗಳಿಗೆ ಎರಡು ಭಾನುವಾರ ಇಬ್ಬರೂ ಮಿನಿಬಸ್ ನಿಲ್ದಾಣದ ಬೆಂಚಿನಲ್ಲಿ ಸೇರುತ್ತಾರೆ. ಮನೆಗೆ ಕರೆಯುವ ಹಾಗಿಲ್ಲ. ಯಾರಾದರೂ ಕಂಡು, ಇವರು ಒಂದೇ ಕಡಾಯಿಯವರು ಅಂತ ಬರೆದು ಹಾಕಿದರೆ ಆರು ತಿಂಗಳು ಮತ್ತೆ ಮೊದಲಿಂದ. ಹಾಗಂತ ಕಾಯಿದೆಯಲ್ಲಿ ಎಲ್ಲೂ ಇಲ್ಲ, ನಾನೇ ಓದಿ ಹೇಳಿದ್ದೇನೆ. ಕಲಿಪಾ ನಂಬುವುದಿಲ್ಲ. ಒಂದು ಸಲ ಬಾಯಿ ತಪ್ಪಿ ಸರಿಯಾಗಿ ಪೆಟ್ಟು ತಿಂದವಳು. ಅದಕ್ಕೇ ಬೆಂಚಿನ ಈ ತುದಿಯಲ್ಲಿ ಅವಳ ಬುತ್ತಿ, ಆ ತುದಿಯಲ್ಲಿ ರಾಹಿಲಾಳ ಬುತ್ತಿ. ನಡುವೆ ಒಬ್ಬ ಮನುಷ್ಯ ಕೂರುವಷ್ಟು ಜಾಗ.

‘ಏನ್ ತಂದಿದೀಯೇ?’

‘ಮಾಂಸದ್ ಸಾರು.’

‘ಉಪ್ಪು ಹಾಕಿದೀಯಾ?’

‘ತಿಂದ್ ನೋಡ್ದೆ ಕೇಳ್ತೀಯಲ್ಲ!’

‘ತಿನ್ನಕ್ ಬಿಡು ಮತ್ತೆ. ಆ ಟಿಕೆಟ್ ಮಾರೋನು ನಗರಸಭೆ ಕಡೆಯೋನಾ? ಅವ್ನು ಆ ಕಡೆ ತಿರುಗ್ದಾಗ ಒಂದು ತುತ್ತು ಕೊಡೇ.’

‘ಬಾಯ್ ಮುಚ್ಕೊಂಡು ನಿಂದು ನೀನು ತಿನ್ನು.’

ಆರು ತಿಂಗಳು ಎಂದೋ ಮುಗಿಯಿತು. ಕಾರಾ-ಬುಲಾಕ್‌ನ ಗ್ರಾಮ ಕಚೇರಿಯ ಮುದ್ರೆ, ಎರಡೂ ಮನೆಯ ಕರೆಂಟಿನ ಚೀಟಿ, ಇಬ್ಬರು ಸಾಕ್ಷಿಗಳ ಸಹಿ, ಎಲ್ಲ ಕಡತದಲ್ಲಿದೆ. ಐದು ಸಭೆ ಆಯಿತು. ಒಂದು ಸಲ ಕೋರಂ ಇಲ್ಲ. ಒಂದು ಸಲ ಬಜೆಟ್ಟಿನ ಚರ್ಚೆ ಉದ್ದವಾಯಿತು. ಒಂದು ಸಲ ಅಧ್ಯಕ್ಷರಿಗೆ ಹಲ್ಲು ನೋವು. ಎರಡು ಸಲ ಕಾರಣವನ್ನೇ ಹೇಳಲಿಲ್ಲ. ನಾನು ಇಂಥ ಹೋರಾಟಗಳಲ್ಲಿ ತಲೆ ನರೆಸಿದವನು, ಲಾಠಿಯನ್ನೂ ಲಾಕಪ್ಪನ್ನೂ ಕಂಡವನು. ಹೇಳುತ್ತೇನೆ ಕೇಳಿ: ಲಾಠಿ ಹಿಡಿದು ಬಂದವನ ಎದುರು ನಿಲ್ಲಬಹುದು. ‘ಮುಂದಿನ ಸಭೆಗೆ’ ಅನ್ನುವವನ ಎದುರು ನಿಂತರೆ ಕಾಲೇ ಸೋಲುತ್ತದೆ.

ಹೋದ ಭಾನುವಾರ ರಾಹಿಲಾ ಹೇಳಿದ ಹೊತ್ತಿಗಿಂತ ಮೊದಲೇ ಬಂದಳು, ಬೆಂಚಿನಲ್ಲಿ ಕಾಯಲಿಲ್ಲ. ಮಿನಿಬಸ್ ಇಳಿದವಳು ನೇರ ಹದಿನಾಲ್ಕನೆಯ ಕಟ್ಟಡಕ್ಕೆ ಹೋದಳು. ಲಿಫ್ಟು ಕೆಟ್ಟಿತ್ತು. ಏಳು ಮಹಡಿ ಹತ್ತಿದಳು. ಅವತ್ತು ಕಲಿಪಾಳ ಮನೆಯ ಸ್ವಿಚ್ ರಿಪೇರಿಗೆ ನಾನು ಹೋಗಿದ್ದೆ. ಹೊರಗೆ ಯಾರೋ ಏದುಸಿರು ಬಿಡುವುದು ಕೇಳಿ ಕಲಿಪಾ ಬಾಗಿಲು ತೆರೆದಳು. ರಾಹಿಲಾ ನಮಗೆ ಬೆನ್ನು ಮಾಡಿ ಐವತ್ತೆಂಟರ ಮುಂದೆ ನಿಂತಿದ್ದಳು. ಅಂಗೈಯನ್ನು ಬಾಗಿಲಿಗೆ ಒತ್ತಿದ್ದಳು, ಹಿಟ್ಟು ಹದ ಬಂತೋ ಅಂತ ಒತ್ತಿ ನೋಡುವ ಹಾಗೆ.

‘ಹೊಸ್ತಿಲು ಚೆನ್ನಾಗಿ ಒರ್ಸಿದೀಯ’ ಅಂದಳು, ತಿರುಗದೆ.

‘ಒಳಗ್ ಬಾ.’

‘ಒಳಗ್ ಬಂದ್ರೆ ತಿನ್ನದೆ ಹೊರಗ್ ಬಿಡಲ್ಲ ನೀನು. ಇಲ್ಲೇ ಇರ್ತೀನಿ.’

ಕಲಿಪಾ ಒಳಗೆ ಹೋಗಿ ಒಂದು ನಾನ್ ತಂದಳು. ಹೊರಟವರು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡೇ ಹೋಗಬೇಕು ನಮ್ಮಲ್ಲಿ. ಆದರೆ ಬಂದವಳು ಒಳಗೆ ಕಾಲೇ ಇಟ್ಟಿರಲಿಲ್ಲ. ಎರಡು ಬಾಗಿಲ ನಡುವಿನ ಸಿಮೆಂಟಿನ ಜಾಗದಲ್ಲಿ ಇಬ್ಬರೂ ನಿಂತರು.

‘ಇದು ಯಾರ ಮನೆ?’ ಅಂತ ಕಲಿಪಾ ಕಾಲ ಕೆಳಗಿನ ಸಿಮೆಂಟು ತೋರಿಸಿ, ನನ್ನ ಕಡೆ ತಿರುಗಿ ಕೇಳಿದಳು.

‘ಯಾರದ್ದೂ ಅಲ್ಲ ಅಕ್ಕಾ. ಮೆಟ್ಟಿಲು.’

‘ಹಂಗಾದ್ರೆ ತಿನ್ನು’ ಅಂದಳು. ರಾಹಿಲಾ ಒಂದು ಚೂರು ಮುರಿದುಕೊಂಡಳು. ಅಗಿದಳು. ‘ಉಪ್ಪಿಲ್ಲ’ ಅಂದಳು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು. ಅವಳ ಹೆಜ್ಜೆಯ ಸದ್ದು ಪೂರ್ತಿ ನಿಲ್ಲುವವರೆಗೆ ಕಲಿಪಾ ರೊಟ್ಟಿ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ನಾನು ಸ್ವಿಚ್ಚಿನ ಕಡೆ ನೋಡುತ್ತ ಕೂತೆ.

ಮುಂದಿನ ಸಭೆ ಬರುವ ತಿಂಗಳು ಹದಿನಾಲ್ಕಕ್ಕೆ, ಬೆಳಗ್ಗೆ ಹತ್ತಕ್ಕೆ. ಅವರ ಅರ್ಜಿ ಹತ್ತೊಂಬತ್ತನೆಯ ವಿಷಯ. ಆ ಹಾಲಿನಲ್ಲಿ ಸಾರ್ವಜನಿಕರಿಗೆ ನಲವತ್ತು ಕುರ್ಚಿ ಹಾಕಿದ್ದಾರೆ. ಕಳೆದ ಐದು ಸಭೆಯಲ್ಲೂ ಮೂವತ್ತೆಂಟು ಖಾಲಿ ಇದ್ದವು, ನಾನು ಎಣಿಸಿದ್ದೇನೆ. ಖಾಲಿ ಕುರ್ಚಿಯ ಮುಂದೆ ಮುಂದೂಡುವುದು ಸುಲಭ. ನೀವು ಇದನ್ನು ಓದಿ ನಿಟ್ಟುಸಿರು ಬಿಟ್ಟರೆ ನನಗೆ ಉಪಯೋಗವಿಲ್ಲ, ಕಲಿಪಾಳಿಗೂ ಇಲ್ಲ. ಹದಿನಾಲ್ಕನೆಯ ತಾರೀಕು ಬನ್ನಿ. ಒಂದು ಕುರ್ಚಿಯಲ್ಲಿ ಕೂರಿ. ಹತ್ತೊಂಬತ್ತನೆಯ ವಿಷಯ ಬರುವ ತನಕ ಏಳಬೇಡಿ. ಯಾರು ಕೈ ಎತ್ತಿದರು, ಯಾರು ಎತ್ತಲಿಲ್ಲ, ಹೆಸರು ಬರೆದುಕೊಳ್ಳಿ.